ಜೊಂಡಿನ ಚಪ್ಪರ

ಅಪ್ಪ,

ನೀವಿದ್ದಾಗ ಮುಚ್ಚಿಟ್ಟಿದ್ದನ್ನು ಈಗ ಹೇಳುತ್ತೇನೆ: ನಿಮ್ಮ ಆ ಕೊನೆಯ ಚಳಿಗಾಲ ನಾನು ಶಾಲೆಗೆ ಹೋಗಲೇ ಇಲ್ಲ. ಬ್ಯಾಗ್ ಹಾಕಿಕೊಂಡು ಸೈಕಲ್ ಹತ್ತಿ, ನಮ್ಮೂರು ಹೂಫ್‌ಡಾರ್ಪ್‌ನ ಆಚೆ ಜೊಂಡಿನ ಚಾವಣಿ ಹೊದಿಸುವ ಡಚ್ ಮುದುಕರೊಬ್ಬರ ಹತ್ತಿರ ಕೆಲಸ ಕಲಿಯಲು ಹೋಗುತ್ತಿದ್ದೆ.

ಇವತ್ತು ನಿಮ್ಮ ವರ್ಷದ ತಿಥಿ. ಕೊರೊನಾ ಇನ್ನೂ ಹೋಗಿಲ್ಲ, ಯಾರನ್ನೂ ಒಳಗೆ ಕೂರಿಸಿ ಬಡಿಸುವುದಿಲ್ಲ ಎಂದು ಅಮ್ಮ ಹಟ ಹಿಡಿದರು. ಅದಕ್ಕೇ ಮೂರು ದಿನ ಒದ್ದಾಡಿ ಹಿತ್ತಲಲ್ಲಿ ವಿಲೋ ಮರದ ಗಳ ನೆಟ್ಟು, ಜೊಂಡು ಹೊದಿಸಿ ಚಪ್ಪರ ಹಾಕಿದೆ.

ನಿಮ್ಮ ಗೆಳೆಯ ತಿಮ್ಮಯ್ಯ ಅಂಕಲ್ ಬಂದವರೇ, "ಏನೋ ಇದು, ಕುರಿ ದೊಡ್ಡೀನಾ? ಆನ್‌ಲೈನಲ್ಲಿ ಟೆಂಟ್ ಸಿಕ್ತಿರ್ಲಿಲ್ವಾ?" ಎಂದರು. ಊಟದ ಮಧ್ಯೆ ಮಳೆ ಬಂತು. ಯಾರ ತಟ್ಟೆಗೂ ಒಂದು ಹನಿ ಬೀಳಲಿಲ್ಲ.

"ಪರವಾಗಿಲ್ವೋ! ಸ್ಕೂಲಲ್ಲಿ ಕಲಿಸಿದ್ರಾ?"

"ಸ್ಕೂಲಿಗೆ ಹೋಗಿದ್ರೆ ತಾನೇ ಅಂಕಲ್," ಎಂದು ಎಲ್ಲವನ್ನೂ ಹೇಳಿಬಿಟ್ಟೆ.

ಅಮ್ಮ ಸಾರು ಬಡಿಸುತ್ತಲೇ, "ಗೊತ್ತು ಕಣೋ. ಸ್ಕೂಲಿನವ್ರು ಮೊದಲ್ನೇ ವಾರಾನೇ ಫೋನ್ ಮಾಡಿದ್ರು. ನೀನಾಗೇ ಹೇಳ್ಲಿ ಅಂತ ನಿಮ್ಮಪ್ಪ ಕಾಯ್ತಿದ್ರು," ಎಂದರು.

ಎಂಥ ಮನುಷ್ಯರಪ್ಪ ನೀವು! ದಿನಾ ಸಂಜೆ "ಇವತ್ತೇನ್ ಕಲಿತ್ಯೋ?" ಎಂದು ಕೇಳುತ್ತಿದ್ದಿರಿ. ನಾನು ದಿನಾ "ಗಣಿತ" ಎನ್ನುತ್ತಿದ್ದೆ. ಒಂದು ಸಲ ಗದರಿಬಿಟ್ಟಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?

ಚಪ್ಪರ ಬಿಚ್ಚಬೇಡ ಎಂದಿದ್ದಾರೆ ಅಮ್ಮ. ಆ ಮುದುಕರಿಗೆ ಉತ್ತರದ ಊರೊಂದರಲ್ಲಿ ದೊಡ್ಡ ಚಾವಣಿಯೊಂದರ ಕೆಲಸ ಸಿಕ್ಕಿದೆ. ನಾಳೆ ಬೆಳಿಗ್ಗೆ ಏಳರ ರೈಲಿಗೆ ಅವರ ಜೊತೆ ಹೊರಡುತ್ತಿದ್ದೇನೆ.