ಸೀಲು ಹಾಕಿಸಿದೆ, ಮಾರಲಿಲ್ಲ

ಚೈತ್ರಳ ಅಪ್ಪನಿಗೆ,

ಕಾರು ಮಾರಿಲ್ಲ. ಮೊದಲು ಅದನ್ನೇ ಹೇಳಿಬಿಡುತ್ತೇನೆ. ಉಳಿದದ್ದನ್ನು ನಿಧಾನವಾಗಿ ಓದಿ.

ಶೆಡ್ಡಿನಿಂದ ಕಾರನ್ನು ಹೊರಗೆ ತಳ್ಳಿಸಿದ ದಿನ ನಿಮ್ಮಣ್ಣ ನೆಲದ ಮೇಲಿನ ಕಪ್ಪು ಕಲೆ ನೋಡಿದರು. ನೀವು ಹೋದ ಮೇಲೆ ಕಾರನ್ನು ಯಾರೂ ಮುಟ್ಟಿರಲಿಲ್ಲ, ಬ್ಯಾಟರಿಯೂ ಇಳಿದುಹೋಗಿತ್ತು. ಭಾವ ಬಗ್ಗಿ, ಬೆರಳಿಗೆ ಹತ್ತಿಸಿಕೊಂಡು, ಮೂಸಿ, ತೀರ್ಪು ಕೊಟ್ಟೇಬಿಟ್ಟರು. "ಇಂಜಿನ್ ಹೋಗ್ಬುಟ್ಟೈತೆ ಕಣಮ್ಮ. ಹಾಸನದವನೊಬ್ಬ ಕೇಳ್ತಾವ್ನೆ, ಕೊಟ್ಬುಡಾಣ. ಈ ಮನೇಲಿ ಇನ್ನು ಓಡ್ಸೋರು ಯಾರವ್ರೆ?" ಓಡಿಸುವವರು ಹೋದರೆ ಕಾರೂ ಹೋಗಬೇಕೆ? ನಾನು ಮಾತಾಡುವವಳಲ್ಲ, ನಿಮಗೆ ಗೊತ್ತು. ಆದರೆ ಕೀಲಿಯನ್ನು ಅವರ ಕೈಯಿಂದ ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಬಾಳ್ಳುಪೇಟೆಯಿಂದ ಮೆಕ್ಯಾನಿಕ್ ರುದ್ರೇಶ ಬ್ಯಾಟರಿ ಹೊತ್ತು ಬಂದಾಗ ನಾನು ಆಗಷ್ಟೇ ಆಲೂರಿನಿಂದ ಮರಳಿದ್ದೆ. ಖಾತೆ ಬದಲಾವಣೆಗೆ ತಾಲ್ಲೂಕು ಆಫೀಸು ಅಲೆಯುತ್ತಿದ್ದ ದಿನಗಳು. ಅವನು ಕೆಳಗೆ ಇಣುಕಿ "ಸೀಲ್ ಹೋಗೈತೆ ಕಣಕ್ಕ" ಎಂದ. "ಇದಕ್ಕೂ ಆಲೂರಲ್ಲೇ ಸೀಲು ಹಾಕಿಸ್ಬೇಕಾ?" ಎಂದು ಕೇಳಿಬಿಟ್ಟೆ. ಅವನು ನಕ್ಕು ನಕ್ಕು ಕೂತುಬಿಟ್ಟ. "ಅಯ್ಯೋ ಅಕ್ಕ, ಇದು ತಾಸಿಲ್ದಾರ್ ಸೀಲಲ್ಲ! ಆಯಿಲ್ ಸೀಲು. ಒಳಗೆ ದಂಡ ತಿರುಗ್ತಿರ್ತೈತೆ, ಆಯಿಲ್ ಆಚೆ ಬರ್ದಂಗೆ ಸುತ್ತ ಒತ್ಕೊಂಡಿರೋ ರಬ್ಬರ್ ಬಳೆ. ಗಾಡಿ ತಿಂಗಳುಗಟ್ಲೆ ನಿಂತ್ರೆ ಒಣಗಿ ಬಿರೀತೈತೆ." ಬಳೆ ಎಂದವನೇ ನನ್ನ ಬರಿಗೈ ನೋಡಿ ನಾಲಿಗೆ ಕಚ್ಚಿಕೊಂಡ. ಅವನದೇನು ತಪ್ಪು? ನಿಮ್ಮ ಹನ್ನೊಂದನೇ ದಿನ ಹೆಂಗಸರೆಲ್ಲ ಸೇರಿ ತೆಗೆಸಿದ್ದರು. ರುದ್ರೇಶ ಬಂದುಹೋದ ಮಾರನೆಯ ದಿನ ಬೆಳಿಗ್ಗೆ ನಾನೇ ಮತ್ತೆ ಹಾಕಿಕೊಂಡೆ. ಗಾಜಿನವೇ, ಹಸಿರು. ಯಾರಾದರೂ ಏನಾದರೂ ಅನ್ನಲಿ ಎಂದು ಕಾಯುತ್ತಿದ್ದೆ. ಯಾರೂ...

ಆದರೆ ರುದ್ರೇಶನೂ ಮಾರುವುದೇ ವಾಸಿ ಎಂದ. ಸೋರುತ್ತಿರುವುದು ಗೇರ್‌ಬಾಕ್ಸ್ ಕಡೆಯ ಹಿಂದಿನ ಸೀಲಿರಬೇಕು, ಅದಕ್ಕೆ ಗೇರ್‌ಬಾಕ್ಸೇ ಇಳಿಸಬೇಕು, ಹಳೇ ಗಾಡಿಗೆ ಅಷ್ಟೆಲ್ಲ ಯಾಕೆ ಎಂದ. ಇರಬೇಕು ಎಂದರೆ ಏನು? ನೋಡಿದ್ದಾನೆಯೇ?

ತೋಟದ ಪಂಪು ಸೋರಿದಾಗ ನೀವು ಸ್ಪ್ಯಾನರ್ ಮುಟ್ಟುವ ಮೊದಲು ಬಟ್ಟೆ ಕೇಳುತ್ತಿದ್ದಿರಿ. "ಕೊಳೆ ನೋಡಿ ರೋಗ ಹೇಳ್ಬಾರ್ದು ಕಣೆ. ಒರ್ಸು, ಕಾಯಿ, ಮೊದ್ಲು ಎಲ್ಲಿ ಒದ್ದೆ ಆಯ್ತದೆ ನೋಡು." ಹಾಗೇ ಮಾಡಿದೆ. ಸೀಮೆಎಣ್ಣೆ ಬಟ್ಟೆಯಲ್ಲಿ ಇಂಜಿನ್ನಿನ ಅಡಿಯನ್ನೆಲ್ಲ ಉಜ್ಜಿ ಒಣಗಿಸಿದೆ. ಕೆಳಗೆ ರಟ್ಟಿನ ಪೆಟ್ಟಿಗೆ ಬಿಡಿಸಿ ಹಾಸಿದೆ. ಚೈತ್ರ ಸ್ಟಾರ್ಟ್ ಮಾಡಿ ಕೂತಳು. ನಾನು ಟಾರ್ಚ್ ಹಿಡಿದು ನೆಲದ ಮೇಲೆ ಮಲಗಿದೆ. "ಅಮ್ಮ, ಸೀರೆ ಹಾಳಾಯ್ತದೆ!" ಎಂದು ಮಗಳು ಕೂಗಿದಳು. ಆಗಲಿ. ಗೇರ್‌ಬಾಕ್ಸಿನ ಕಡೆ ಒಣಗಿಯೇ ಇತ್ತು. ಮೇಲುಗಡೆಯಿಂದಲೂ ಏನೂ ಇಳಿಯಲಿಲ್ಲ. ಬೆಲ್ಟ್ ಇರುವ ಕಡೆ, ದೊಡ್ಡ ಪುಲ್ಲಿಯ ಹಿಂದೆ, ಕರಿಮಣಿಯಂತೆ ಒಂದು ಹನಿ ಕಟ್ಟಿತು. ನೋಡನೋಡುತ್ತಲೇ ರಟ್ಟಿನ ಮೇಲೆ ಬಿತ್ತು. ನಿಮ್ಮನ್ನು ಕೂಗಬೇಕೆಂದು ಬಾಯಿ ತೆರೆದೆ, ನೋಡಿ.

ಆ ರಟ್ಟು ತೋರಿಸಿದಾಗ ರುದ್ರೇಶ ತಲೆ ಕೆರೆದುಕೊಂಡ. "ಮುಂದಿನ ಸೀಲು! ಗೇರ್‌ಬಾಕ್ಸ್ ತಂಟೆಗೆ ಹೋಗೋದೇ ಬ್ಯಾಡ." ಹಳೆಯದನ್ನು ಕಿತ್ತು ನನ್ನ ಕೈಗಿಟ್ಟ. ಮೆತ್ತಗಿರಬೇಕಾದ ಅಂಚು ಒಣಗಿದ ತೆಂಗಿನ ಚಿಪ್ಪಿನಂತೆ ಗಟ್ಟಿಯಾಗಿ ಸೀಳಿಹೋಗಿತ್ತು. ಭಾವ ಅಲ್ಲೇ ನಿಂತಿದ್ದರು. "ಇವತ್ತು ಹಾಕು, ನಾಳೆ ಮತ್ತೆ ಸೋರ್ತೈತೆ ತಗ." ಅದೂ ಸುಳ್ಳಲ್ಲವಂತೆ, ರುದ್ರೇಶನೇ ಹೇಳಿದ. ಇಂಜಿನ್ ಉಸಿರಾಡುವ ಒಂದು ಪೈಪು ಇದೆ. ಅದು ಕಟ್ಟಿದರೆ ಒಳಗಿನ ಒತ್ತಡಕ್ಕೆ ಹೊಸ ಸೀಲೂ ನಿಲ್ಲುವುದಿಲ್ಲ. ನಮ್ಮದರಲ್ಲಿ ಕರಿ ಜಿಡ್ಡು ತುಂಬಿಕೊಂಡಿತ್ತು. ಉಸಿರು ಕಟ್ಟಿದರೆ ಯಾವುದು ತಾನೇ... ಇರಲಿ. ಹೊಸ ಸೀಲು ಹಾಕಿಸಿ, ಅದನ್ನೂ ತೊಳೆಸಿದೆ. ಈಗ ಪ್ರತಿ ವಾರ ಇಂಜಿನ್ ಬಿಸಿಯಾಗುವಷ್ಟು ಓಡಬೇಕು, ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಬೇಕು. ಸೀಲಿನ ಸುತ್ತ ಒಂಚೂರು ಬೆವರಿದಂತಿದ್ದರೆ ಗಾಬರಿಯಿಲ್ಲ. ತೊಟ್ಟಿಕ್ಕಿದರೆ ಬಿಡಬಾರದು.

ಹಾಸನದವನನ್ನು ಭಾವ ಕರೆತಂದ ದಿನ ನಾನು ಕಾರಿನ ಬಾಗಿಲಿಗೇ ಒರಗಿ ನಿಂತಿದ್ದೆ.

"ಇಂಜಿನ್ ಸೋರ್ತೈತಂತೆ?"

"ಸೋರಲ್ಲ."

"ಓಡ್ಸೋರಿಲ್ವಂತೆ?"

"ಅವ್ರೆ."

"ಯಾರು?"

"ನಾನು."

ಭಾವ ನನ್ನ ಮುಖವನ್ನೇ ನೋಡಿದರು. ನಿಜ ಹೇಳಬೇಕೆಂದರೆ, ಆವತ್ತಿನವರೆಗೆ ನಾನು ಡ್ರೈವರ್ ಸೀಟಿನಲ್ಲಿ ಕೂತು ಕೂಡ ನೋಡಿರಲಿಲ್ಲ. ಕೇಳಿದಾಗಲೆಲ್ಲ ನೀವೇ ತಡೆದಿದ್ದಿರಿ. "ಹೈವೇಲಿ ಲಾರಿಗಳು ಬತ್ತವೆ, ನಿನ್ ಕೈಲಾಗಲ್ಲ ಬುಡು" ಎಂದು. ಈಗ ತಡೆಯಿರಿ ನೋಡೋಣ! ಕಾರು ಕಲಿಯಲು ಬಸ್ಸಿನಲ್ಲಿ ಆಲೂರಿಗೆ ಹೋಗಿಬಂದೆ. ತೋಟದ ಏರಿನಲ್ಲಿ ಇಂಜಿನ್ ಆಫ್ ಮಾಡಿಕೊಂಡು ಅತ್ತೆ. ಅತ್ತು, ಮತ್ತೆ ಸ್ಟಾರ್ಟ್ ಮಾಡಿದೆ. ಲೈಸೆನ್ಸ್ ಬಂದಿದೆ. ಬಾಳ್ಳುಪೇಟೆ ಹೈವೇಯಲ್ಲಿ ಲಾರಿಗಳು ಬರುತ್ತವೆ, ಹೋಗುತ್ತವೆ. ನಾನೂ ಹೋಗುತ್ತೇನೆ.

ನಿನ್ನೆ ಕೆ. ಹೊಸಕೋಟೆಯಲ್ಲಿ ಭಾವ ಬಸ್ಸಿಗೆ ಕಾಯುತ್ತಿದ್ದರು. ನಿಲ್ಲಿಸಿದೆ. ಹಿಂದಿನ ಬಾಗಿಲು ತೆಗೆದು ಕೂರಲು ಹೋದರು. ತಮ್ಮನ ಹೆಂಡತಿಯ ಪಕ್ಕ ಹೇಗೆ ಕೂರುವುದು ಎಂಬ ಸಂಕೋಚ, ಗೊತ್ತು. ನಾನು ಕಾರು ಕದಲಿಸಲಿಲ್ಲ.

"ಮುಂದೆ ಬನ್ನಿ ಭಾವ. ನಾನು ಡ್ರೈವರಲ್ಲ, ಗಾಡಿ ನಂದು."

ಬಂದು ಕೂತರು. ಆಲೂರಿನಲ್ಲಿ ಇಳಿದ ಮೇಲೆ, ಬಾಗಿಲು ಹಿಡಿದುಕೊಂಡೇ, ಬೇರೆಲ್ಲೋ ನೋಡುತ್ತ ಕೇಳಿದರು:

"ಸಂಜೆ ಎಷ್ಟೊತ್ತಿಗೆ ವಾಪಸ್ ಹೊಂಡ್ತೀಯಮ್ಮ?"