ಸಮುದ್ರದ ಪಕ್ಕದ ದರ್ಗಾ

ಮೇ 28, 2009, ಗುರುವಾರ. ಮಧ್ಯಾಹ್ನ 3

ಏಳು ಬ್ಲೌಸ್ ಮುಗಿಸಿದೆ, ಎರಡು ಬಾಕಿ. ಅದರ ಮೇಲೆ ಶಾಲೆ ಯೂನಿಫಾರಂ ರಾಶಿ. ಭವ್ಯಳ ಮಿಷನ್ ಬೆಲ್ಟ್ ಮತ್ತೆ ಕಿತ್ತುಹೋಯಿತು. ಸಬಾ ಗುಂಡಿ ತೂತಿಗೆ ಕಾಜಾ ಹಾಕುತ್ತಲೇ ತೂಕಡಿಸುತ್ತಾಳೆ, ಸೂಜಿ ಮಾತ್ರ ನಿಲ್ಲುವುದಿಲ್ಲ — ಅದೂ ಒಂದು ವಿದ್ಯೆ. ಗುಂಡ್ಲುಪೇಟೆ ಬಸ್ ಸ್ಟ್ಯಾಂಡ್ ಹಿಂದೆ ಒಂದು ರೂಮು, ಮೂರು ಮಿಷನ್, ಒಂದು ಫ್ಯಾನು, ಮೂವರು ಹೆಂಗಸರು. ಆರು ವರ್ಷವಾಯಿತು.

ಸುಹರಾ ಬಂದಿದ್ದರು. ಶುಂಠಿ ಹಾಕಲು ಇಲ್ಲಿ ಜಮೀನು ಗುತ್ತಿಗೆ ಹಿಡಿದಿರುವ ಮಲಯಾಳಿಯ ಹೆಂಡತಿ. ಅಳತೆ ಕೊಡಲು ಬಂದವರು ಬಾಗಿಲಲ್ಲೇ ನಿಂತುಬಿಟ್ಟಿದ್ದರು. ನಾನು ಹೊಲಿಯುತ್ತಾ ಹಾಡುತ್ತಿದ್ದೆ. ದಾದಿ, ಅಪ್ಪನ ಅಮ್ಮ, ಮದುವೆಗಳಲ್ಲಿ ಢೋಲಕ್ ಬಡಿದು ಹೇಳುತ್ತಿದ್ದ ಹಾಡು... ರವಿಕೆ ಬಿಗಿಯಾಯಿತೆಂದು ಮದುಮಗಳು ದರ್ಜಿಯನ್ನು ಬೈಯುವುದು.

"ನಮ್ಮ ಕ್ಯಾಲಿಕಟ್‌ನಲ್ಲಿ ಆದ್ರೆ ನಿಮ್ಮನ್ನ ಬಿಡಲ್ಲ," ಎಂದರು. "ಉಮ್ಮಾ, ನನ್ನ ತಾಯಿ ಮನೇಲಿ ಮೇಲೆ ದೊಡ್ಡ ಹಾಲ್. ಲೇಡೀಸ್ ಮಾತ್ರ. ಹಳೇ ಪಾಟ್ಟು, ಮದುವೆ ಪಾಟ್ಟು. ಎಲ್ಲಾರೂ ಕೇಳಕ್ಕೇ ಬರೋದು. ತಿನ್ನೋದು ಪಿನ್ನೆ, ಆಮೇಲೆ."

ಮುಂದಿನ ಕೂಟ ಆಗಸ್ಟ್ 9, ಭಾನುವಾರ ಸಂಜೆ. ರಂಜಾನ್‌ಗೆ ಮುಂಚೆ ಅದೇ ಕೊನೆ. ನನ್ನ ಹೆಸರು ಬರೆಸುತ್ತಾರಂತೆ.

ಭವ್ಯ ಕತ್ತರಿ ಕೆಳಗಿಟ್ಟಳು. "ಓಗನ ಕಣಮ್ಮಿ! ಸಮುದ್ರ ನೋಡ್ಕಂಡು, ಹಲ್ವ ತಿನ್ಕಂಡು ಬರನ. ಉಡಿಗಾಲದಲ್ಲಿ ಹುಟ್ದೋಳು ನಾನು, ಕೆರೆ ಬುಟ್ರೆ ಬೇರೆ ನೀರು ನೋಡಿಲ್ಲ."

ನಲವತ್ತು ಮದುವೆಗಳಲ್ಲಾದರೂ ಹಾಡಿದ್ದೇನೆ. ಒಬ್ಬರೂ ಕೇಳಿಲ್ಲ. ಬಿರಿಯಾನಿ ಎಲ್ಲಿಗೆ ಬಂತು ಎಂದು ನೋಡುತ್ತಿರುತ್ತಾರೆ. ಒಂದು ಸಲ, ಒಂದೇ ಒಂದು ಸಲ, ಕೇಳುವುದಕ್ಕೆಂದೇ ಕೂತವರ ಮುಂದೆ ಹಾಡಬೇಕು. ಅಷ್ಟೇ. ಅಷ್ಟನ್ನು ಬರೆಯಲೂ ನಾಚಿಕೆಯಾಗುತ್ತಿದೆ.

ಮೇ 31, ಭಾನುವಾರ

ಹೇಳಿಬಿಟ್ಟೆ. ಏನು ಹೇಳಬಾರದಿತ್ತೋ ಅದನ್ನೇ.

ಊಟಕ್ಕೆ ಕೂತಾಗ ಮಾತು ತೆಗೆದೆ — ಆಗಸ್ಟ್‌ನಲ್ಲಿ ನಾವು ಮೂವರೂ ಒಂದು ದಿನ ಕ್ಯಾಲಿಕಟ್‌ಗೆ ಹೋಗಿ ಬರುತ್ತೇವೆ ಎಂದು. ನನ್ನ ಗಂಡ ಫಹೀಮ್ ರೊಟ್ಟಿ ಮುರಿಯುತ್ತಾ, "ಕ್ಯಾಲಿಕಟ್‌ನಲ್ಲಿ ಏನಿದೆ?" ಎಂದರು. ಜಗಳದ ಧಾಟಿ ಅಲ್ಲ. ತಮ್ಮ ಹಾಸಿಗೆ ಅಂಗಡಿಯಲ್ಲಿ ಕೂತು ಹತ್ತಿ ಎಲ್ಲಿಯದು ಎಂದು ವಿಚಾರಿಸುವ ಧಾಟಿ. 'ಹಾಡು' ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅತ್ತೆ ತಲೆ ಎತ್ತಿ ನೋಡಿದರು. ಮೂವತ್ತನಾಲ್ಕು ವರ್ಷದ ಸೊಸೆ ಹಾಡು ಹೇಳಲು ಗಡಿ ದಾಟಿ ಹೋಗುತ್ತಾಳೆ ಎಂದರೆ...

"ದರ್ಗಾ," ಎಂದೆ. "ಸಮುದ್ರದ ಪಕ್ಕದ್ದು."

ಅತ್ತೆಯ ಮುಖ ಅರಳಿಹೋಯಿತು. ಬೀದಿಯವರಿಗೆಲ್ಲ ಅಕ್ತರ್ ಬೀ, ನನಗೆ ಅಮ್ಮೀ. "ಬಿಸ್ಮಿಲ್ಲಾ ಅಂತ ಹೊರಡು ಬೇಟಿ. ದರ್ಗಾ ಜಿಯಾರತ್‌ಗೆ ಬೇಡ ಅನ್ನೋರು ಯಾರು?" ಫಹೀಮ್‌ದು ಒಂದೇ ಷರತ್ತು: ಅವತ್ತೇ ವಾಪಸ್ ಬರಬೇಕು.

ಅಲ್ಲಿ ದರ್ಗಾ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ! ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದೇ ಕ್ಷೇಮ. ಅಮ್ಮೀಗೆ ಓದಲು ಬರುವುದಿಲ್ಲ. ಫಹೀಮ್‌ಗೆ ಬರುತ್ತದೆ, ಆದರೆ ಕರೆಂಟ್ ಬಿಲ್ ಬಿಟ್ಟು ಬೇರೇನೂ ಓದುವ ಆಸಾಮಿ ಅಲ್ಲ.

ಜೂನ್ 1, ಸೋಮವಾರ

ಭವ್ಯ ಬೈದಳು. "ದರ್ಗಾ ಅನ್ನು ಅಂತ ಯಾರಮ್ಮಿ ಯೋಳಿದ್ದು ನಿಂಗೆ? ಮದ್ವೆ ಅಂದ್ಬುಟ್ಟಿದ್ರೆ ಮುಗ್ದೋಗದು."

ಸುಹರಾರನ್ನು ಕೇಳಿದೆ. ಸಮುದ್ರದ ಪಕ್ಕ ಚಿಕ್ಕದೊಂದು ಇದೆಯಂತೆ. ಸದ್ಯ, ನನ್ನ ಸುಳ್ಳಿಗೂ ಒಂದು ಅಡ್ರೆಸ್ ಸಿಕ್ಕಿತು. ಮಧ್ಯಾಹ್ನ ಐದು ನಿಮಿಷ ಹೋಗಿ ಫಾತಿಹಾ ಓದಿ ಬಂದರೆ ಸುಳ್ಳು ಸುಳ್ಳಲ್ಲ.

ಜೂನ್ 4, ಗುರುವಾರ

ಬಂಡೀಪುರದ ಕಾಡಿನ ರಸ್ತೆಯಲ್ಲಿ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಗಾಡಿ ಬಿಡುವುದಿಲ್ಲವಂತೆ. ಆರ್ಡರ್ ಆಗಿದೆ. ಪ್ರಾಣಿಗಳು ಗಾಡಿಗೆ ಸಿಕ್ಕಿ ಸಾಯುತ್ತಿವೆ. ಸಾಯಬಾರದು, ಒಪ್ಪಿದೆ.

ಆದರೆ ಹಾಡಿನ ಕೂಟ ಐದರಿಂದ ಏಳೂವರೆ. ಸುಮೋ ಓಡಿಸುವ ಕಲಂದರ್ ಬೆರಳು ಮಡಚಿ ಲೆಕ್ಕ ಹೇಳಿದ. "ಒಂಬತ್ತಕ್ಕೆ ಗೇಟ್ ಬಂದ್ ಆಪಾ. ಕ್ಯಾಲಿಕಟ್ ನಾಲ್ಕು ಗಂಟೆಗೇ ಬುಡಬೇಕು. ಒಂದ್ ನಿಮ್ಷ ಲೇಟಾದ್ರೂ ಗಾಡೀಲೇ ಮಲೀಕಳದು."

ನಾಲ್ಕಕ್ಕೇ ಬಿಟ್ಟರೆ ಬರೀ ದರ್ಗಾ. ಬರೀ ದರ್ಗಾ ನೋಡಲು ಯಾಕೆ ಹೋಗಲಿ ನಾನು? ತೋಬಾ, ಏನು ಬರೆದೆ. ಆದರೂ ಹೊಡೆದು ಹಾಕುವುದಿಲ್ಲ.

ಜೂನ್ 11, ಗುರುವಾರ

ಆರ್ಡರ್ ವಾಪಸ್! ಲಾರಿಯವರು, ವ್ಯಾಪಾರದವರು ಗಲಾಟೆ ಮಾಡಿದ್ದರಂತೆ. ಭವ್ಯ ಎಲ್ಲರಿಗೂ ಬಜ್ಜಿ ತರಿಸಿದಳು. ದಿನವಿಡೀ ಹಾಡಿದೆ, ಒಂದು ಬ್ಲೌಸಿಗೆ ತೋಳು ಉಲ್ಟಾ ಹಾಕಿದೆ.

ಜುಲೈ 14, ಮಂಗಳವಾರ

ಚಾಮರಾಜನಗರಕ್ಕೆ ಹೋಗಿದ್ದೆ, ತವರಿಗೆ. ದರ್ಜಿ ಹಾಡಿನ ಕೊನೆಯ ಎರಡು ನುಡಿ ಮರೆತುಹೋಗಿತ್ತು. ದಾದಿ ಇಲ್ಲ, ಈಗ ನೆನಪಿರುವುದು ಖಾಲಾ, ನನ್ನ ದೊಡ್ಡಮ್ಮ, ಒಬ್ಬರಿಗೇ. ಹಲ್ಲಿಲ್ಲದ ಬಾಯಲ್ಲಿ ಹೇಳಿಕೊಟ್ಟರು. ಕೊನೆಗೆ ಗೊತ್ತಾಗುತ್ತದೆ — ರವಿಕೆ ಬಿಗಿಯಾದದ್ದು ದರ್ಜಿಯ ತಪ್ಪಲ್ಲ, ಅಳತೆ ಕೊಡುವಾಗ ಹುಡುಗಿಯೇ ಉಸಿರು ಬಿಗಿ ಹಿಡಿದಿದ್ದಳು. ಇಬ್ಬರೂ ನಕ್ಕೆವು. ಬಸ್ಸಿನಲ್ಲಿ ತೆರಕಣಾಂಬಿ ಬರುವುದರೊಳಗೆ ಬಾಯಿಪಾಠವಾಯಿತು.

ಹೊರಡುವಾಗ ಖಾಲಾ ಅಗರಬತ್ತಿಯ ಕಟ್ಟು ಕೈಗಿಟ್ಟರು. "ಸಮುದ್ರದ ದರ್ಗಾದಲ್ಲಿ ನನ್ನ ಹೆಸರಲ್ಲೂ ಹಚ್ಚು." ಅಮ್ಮೀ ಅಲ್ಲಿಗೂ ಫೋನ್ ಮಾಡಿ ಹೇಳಿದ್ದಾರೆ.

ಜುಲೈ 20, ಸೋಮವಾರ. ಸಂಜೆ

ಎದುರು ಮನೆಯ ಮಹಾಲಕ್ಷ್ಮಮ್ಮ ರೂಮಿಗೇ ಬಂದರು. ಕಂಕುಳಲ್ಲಿ ಹಸಿರು ಸ್ಯಾಟಿನ್ ಬಟ್ಟೆ, ಕೈಯಲ್ಲಿ ಜರಿ ಅಂಚಿನ ಸುರುಳಿ. ಅವರ ಮಗಳಿಗೆ ಮೂರು ಸಲ ಬಸಿರು ನಿಲ್ಲಲಿಲ್ಲ. ಈಗ ಐದು ತಿಂಗಳು.

"ಇದ್ಕೆ ಅಂಚು ಹಾಕಿ, ಸಮುದ್ರದ ಬಾಬಯ್ಯಂಗೆ ನಿನ್ ಕೈಯಾರೆ ಹೊದಿಸ್ಬುಡವ್ವ. ನೀನು ಸುಳ್ಳುಗಿಳ್ಳು ಯೋಳೋಳಲ್ಲ. ಅದ್ಕೇ ನಿನ್ ಕೈಲಿ ಕೊಡ್ತಿರದು."

ಭವ್ಯ ತಲೆ ತಗ್ಗಿಸಿ ಪೆಡಲ್ ಜೋರಾಗಿ ತುಳಿದಳು.

ಹೊಲಿಯಲು ಕೂತೆ. ಸ್ಯಾಟಿನ್ ಕೈಗೆ ಸಿಗದ ಬಟ್ಟೆ, ಜಾರುತ್ತದೆ. ಇಪ್ಪತ್ತು ವರ್ಷ ಹೊಲಿದ ಕೈ ಇದು, ಆದರೂ ಅಂಚು ಎರಡು ಸಲ ಸೊಟ್ಟ ಹೋಯಿತು. ಬಿಚ್ಚಿದೆ. ಮತ್ತೆ ಹಾಕಿದೆ. ನಾನು ಕಟ್ಟಿದ ಸುಳ್ಳಿಗೆ ನಾನೇ ಜರಿ ಹಾಕುತ್ತಿದ್ದೇನೆ. ಐದು ನಿಮಿಷದ ಫಾತಿಹಾ ಅಂತೆ! ಆ ಹುಡುಗಿಗೆ ಏನಾದರೂ ಆದರೆ?

ಜುಲೈ 29, ಬುಧವಾರ

ಕಾಡಿನ ರಸ್ತೆ ರಾತ್ರಿ ಮತ್ತೆ ಬಂದ್. ಈ ಸಲ ಕೋರ್ಟಿನಿಂದ. ಒಂಬತ್ತರಿಂದ ಆರು, ಅದೇ.

ಸಬಾಗೆ ಗಂಡು ಗೊತ್ತಾಗಿದೆ. ಈಗ ಊರೂರು ಸುತ್ತುವುದು ಬೇಡ ಎಂದರಂತೆ ಅವರ ಮನೆಯಲ್ಲಿ. ಅವಳು ಅಳಲೂ ಇಲ್ಲ. ಕಾಜಾ ಹಾಕುತ್ತಾ ಹೇಳಿದಳು.

ಮನೆಗೆ ಬಂದು ಅಮ್ಮೀಗೆ ಹೇಳಿದೆ: ಗೇಟು ಬಂದ್, ನಾಲ್ಕಕ್ಕೇ ಹೊರಡಬೇಕು, ಅಷ್ಟು ಅವಸರದಲ್ಲಿ ಅವತ್ತೇ ವಾಪಸ್ ಆಗುವುದಿಲ್ಲ, ಬಿಟ್ಟುಬಿಡೋಣ. ನಿಜವಾಗಿ ಬಿಡಲು ತಯಾರಾಗಿದ್ದೆ. ಒಂಥರಾ ಹಗುರವೂ ಆಗಿತ್ತು.

ಅಮ್ಮೀ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದರು. "ಚಾದರದ ಹರಕೆ, ಮನ್ನತ್ ಹೊತ್ತವಳು ಬಿಡೋ ಹಾಗಿಲ್ಲ. ಹೇಗೂ ಸುಹರಾ ಕರೀತಿದಾಳೆ, ರಾತ್ರಿ ಅವಳ ತಾಯಿ ಮನೇಲಿ ಉಳಿದು ಬೆಳಗ್ಗೆ ಬರೋಣ. ಜೊತೆಗೆ ನಾನಿದ್ದರೆ ಫಹೀಮ್ ಏನಂತಾನೆ?"

ಫಹೀಮ್ ಹೂಂ ಎಂದರು.

ಆಗಸ್ಟ್ 3, ಸೋಮವಾರ

ಸುಮೋ ತುಂಬಿತು. ಅಮ್ಮೀ, ಅಮ್ಮೀಯ ಇಬ್ಬರು ತಂಗಿಯರು, ಮಂಡಿನೋವಿನ ನೆರೆಯವರು, ಇನ್ನೂ ಯಾರ್ಯಾರೋ. ಎಲ್ಲರಿಗೂ ಏನಾದರೊಂದು ಬೇಡಿಕೆ ಇದೆ. ಮೂವರು ಹೆಂಗಸರು ಹಲ್ವ ತಿನ್ನಲು ಹೊರಟಿದ್ದೆವು. ಈಗ ಭವ್ಯ ಮತ್ತು ನಾನು, ಮಿಕ್ಕಿದ್ದೆಲ್ಲ ಊರುಗೋಲು. ಮಹಾಲಕ್ಷ್ಮಮ್ಮನಿಗೂ ಬರಬೇಕೆಂದು ಆಸೆ, ಜಾಗವಿಲ್ಲ. "ಬುಡವ್ವ, ನೀನು ಓಗ್ಬಂದ್ರೆ ನಾನು ಓಗ್ಬಂದಂಗೇಯ," ಎಂದರು.

ಆದರೂ ಗೇಟು ಬಂದ್ ಆದದ್ದೇ ಒಳ್ಳೆಯದಾಯಿತು. ರಾತ್ರಿ ಅಲ್ಲೇ ಉಳಿಯುವುದು, ಕೂಟವೂ ಅದೇ ಮನೆಯಲ್ಲಿ. ಮುದುಕಿಯರು ಕೆಳಗೆ ಕಾಲು ಚಾಚಿ ಮಲಗಿರುತ್ತಾರೆ, ನಾನು ಮೇಲೆ ಹೋಗಿ ಹಾಡಿ ಇಳಿದು ಬರುತ್ತೇನೆ. ಸುಹರಾ ಹೇಳಿದರು: ಪಟ್ಟಿಯಲ್ಲಿ ನನ್ನದು ನಾಲ್ಕನೇ ಹೆಸರು.

ನಾಲ್ಕನೆಯದು! ತಮನ್ನಾ, ಗುಂಡ್ಲುಪೇಟೆ. ಹಾಗೆ ಬರೆದಿದ್ದಾರಂತೆ.

ಆಗಸ್ಟ್ 8, ಶನಿವಾರ. ಬೆಳಗ್ಗೆ 5.30

ತಿಂಗಳದ್ದು ಶುರುವಾಗಿದೆ. ಐದು ದಿನ ಮುಂಚೆ.

ನಮಾಜ್ ಇಲ್ಲ. ದರ್ಗಾದ ಹೊಸ್ತಿಲು ತುಳಿಯುವಂತಿಲ್ಲ.

ಆಚೆ ಕೋಣೆಯಲ್ಲಿ ಅಮ್ಮೀ ನಮಾಜಿಗೆ ವಜೂ ಮಾಡುತ್ತಿದ್ದಾರೆ, ಕೈಕಾಲು ತೊಳೆಯುವ ನೀರಿನ ಸದ್ದು. ಈಗ ಎದ್ದು ಹೋಗಿ ಪಕ್ಕದಲ್ಲಿ ಚಾಪೆ ಹಾಸಿ ನಿಂತರೆ ಮುಗಿಯಿತು. ಯಾರಿಗೆ ಗೊತ್ತಾಗುತ್ತದೆ? ಒಂದು ಸುಳ್ಳು ಹೇಳಿದವಳಿಗೆ ಎರಡನೆಯದೇನು ಭಾರ...

ಏಳಲಾಗಲಿಲ್ಲ. ಫಹೀಮ್‌ಗೆ ಸುಳ್ಳು ಹೇಳಬಲ್ಲೆ, ಅಮ್ಮೀಗೆ ಹೇಳಬಲ್ಲೆ. ಅಲ್ಲಿ ನಿಂತು ಹೇಳಲಾರೆ. ಅಮ್ಮೀ ಬಾಗಿಲಲ್ಲಿ ಬಂದು ಒಂದು ನಿಮಿಷ ನೋಡಿದರು, ಹೋದರು.

ಮಧ್ಯಾಹ್ನ 2

ಎಲ್ಲ ಮುಗಿಯಿತು. ಅಮ್ಮೀ ಬೈಯಲಿಲ್ಲ. ತಲೆ ಸವರಿದರು. "ಬೇಸರ ಮಾಡ್ಕೋಬೇಡ. ನಿನ್ನ ಚಾದರ ನಾನು ಹೊದಿಸ್ತೀನಿ." ಹೇಳಿದವರೇ ಎದುರು ಮನೆಗೆ ಹೋಗಿ ಮಹಾಲಕ್ಷ್ಮಮ್ಮನಿಗೆ ನನ್ನ ಸೀಟು ಕೊಟ್ಟು ಬಂದರು.

ನಾನು ಗಾಡಿಯಲ್ಲೇ ಕೂತಿರುತ್ತೇನೆ, ಹೊರಗೇ ಇರುತ್ತೇನೆ ಎನ್ನಬಹುದಿತ್ತು. ಯಾಕೆ, ಎಂದರೆ? ಅಷ್ಟು ದೂರ ಹೋಗಿ ಹೊರಗೆ ಕೂರುವುದಕ್ಕೆ ಏನು ಕಾರಣ? ಇದ್ದದ್ದು ಒಂದೇ ಕಾರಣ. ಹೇಳಿಯೇಬಿಡೋಣವೆಂದು ಬಾಗಿಲಿಗೆ ಬಂದೆ. ಮಹಾಲಕ್ಷ್ಮಮ್ಮ ಓಡಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. "ನಿನ್ ಋಣ ತೀರ್ಸಕಾಯ್ತದಾ ನನ್ ತಾಯಿ?" ಎಂದು ಅಳುತ್ತಿದ್ದರು. ಆ ಕೈ ಬಿಡಿಸಿಕೊಂಡು ಹಾಡಿನ ವಿಷಯ ಯಾವ ಬಾಯಲ್ಲಿ ಹೇಳಲಿ?

ಭವ್ಯ ತಾನೂ ಹೋಗುವುದಿಲ್ಲವೆಂದು ಹಟ ಹಿಡಿದಳು. "ನೀನಿಲ್ದೆ ನಂಗ್ಯಾಕಮ್ಮಿ ಆ ಸಮುದ್ರ?" ನಾನೇ ಒಪ್ಪಿಸಿದೆ. ಅಷ್ಟು ಮಂದಿ ಮುದುಕಿಯರನ್ನು ಹತ್ತಿಸಿ ಇಳಿಸಲು ಯಾರಾದರೂ ಬೇಕು. ನನ್ನ ಹೆಸರು ಪಟ್ಟಿಯಿಂದ ತೆಗೆಸು ಎಂದೆ. ಹೂಂ ಎಂದಳು, ಮುಖ ನೋಡದೆ.

ಆಗಸ್ಟ್ 9, ಭಾನುವಾರ. ಬೆಳಗ್ಗೆ 6

ಹೋದರು. ಗೇಟು ತೆಗೆಯುವ ಹೊತ್ತಿಗೆ ಅಲ್ಲಿರಬೇಕೆಂದು ಐದೂಕಾಲಿಗೇ ಹೊರಟರು. ಅಮ್ಮೀಗೆ ಮುಂದಿನ ಸೀಟು. ಚಾದರ ತೊಡೆಯ ಮೇಲೆ. ಕಲಂದರ್ ನನ್ನನ್ನು ನೋಡಿ, "ಆಪಾ, ನೀವೇ ಇಲ್ವಾ?" ಎಂದ. ಅಮ್ಮೀ ಗಾಡಿ ಬಿಡು ಎಂದರು.

ಟೀ ಮಾಡಬೇಕು. ಮಾಡುವುದಿಲ್ಲ.

ಸಂಜೆ 6.40

ಹಾಲಿನಲ್ಲಿ ಫಹೀಮ್, ಮಸೀದಿ ಕಮಿಟಿಯ ನಾಲ್ವರು. ರಂಜಾನ್ ಏರ್ಪಾಡಿನ ಮಾತು. ಎರಡು ಸಲ ಟೀ ಕೊಟ್ಟಾಯಿತು. ನಾನು ಅಡುಗೆಮನೆ ನೆಲದ ಮೇಲೆ ಕೂತು ಬರೆಯುತ್ತಿದ್ದೇನೆ.

ಈಗಷ್ಟೇ ಫೋನ್ ಬಂದಿತ್ತು. ನಂಬರ್ ಭವ್ಯಳದು, ದನಿ ಅಮ್ಮೀಯದು.

"ಬೇಟಿ, ಚಾದರ ಹೊದಿಸಿದೆವು. ಮಹಾಲಕ್ಷ್ಮಮ್ಮ ತಾನೇ ಒಂದು ತುದಿ ಹಿಡ್ಕೊಂಡಿದ್ದಳು."

"ಅಲ್ಲಾಹನಿಗೆ ಶುಕ್ರ್," ಎಂದೆ. ನಿಜವಾಗಿಯೂ ಅಂದೆ.

"ಇಲ್ಲಿ ಮಹಡಿ ಮೇಲೆ ಹಾಡು ನಡೀತಾ ಇದೆ. ನಮ್ಮನ್ನೂ ಕರೆದು ಕೂರಿಸಿದಾರೆ." ದನಿ ತಗ್ಗಿಸಿದರು. "ಈಗ ನಿನ್ನ ಹೆಸರು ಕೂಗಿದರು. ತಮನ್ನಾ, ಗುಂಡ್ಲುಪೇಟೆ. ಎರಡು ಸಲ ಕೂಗಿದರು."

ಭವ್ಯ ತೆಗೆಸಿಲ್ಲ!

"ಹಾಡೋಕಾ ಬರಬೇಕು ಅಂತಿದ್ದೆ?"

ಹೌದು ಎಂದೆ. ದರ್ಗಾ ಎಂದದ್ದು ಸುಳ್ಳು ಅಮ್ಮೀ, ಎಂದೆ. ಅದನ್ನೂ ಹೇಳಿದೆ. ನನಗೆ ಅಳು ಬರಲಿಲ್ಲ. ಎರಡೂವರೆ ತಿಂಗಳಿಂದ ಬಿಗಿದಿದ್ದದ್ದು ಸಡಿಲವಾಯಿತು, ಅಷ್ಟೇ.

"ಹಾಡು ಅಂದಿದ್ದರೆ ಬೇಡ ಅಂತಿದ್ದೆ," ಎಂದರು ಅಮ್ಮೀ. "ಸುಳ್ಳು ಯಾಕೆ ಹೇಳಲಿ. ಖಂಡಿತ ಬೇಡ ಅಂತಿದ್ದೆ." ಹಿಂದಿನಿಂದ ಹೆಂಗಸರ ಗುಜುಗುಜು, ಯಾವುದೋ ಮಗು. "ಆದರೆ ಇಲ್ಲಿ ಐವತ್ತು ಜನ ನನ್ನನ್ನೇ ನೋಡ್ತಿದಾರೆ. ನನ್ನ ಸೊಸೆ ಅಂತ ಹೇಳಿಬಿಟ್ಟೆ. ಮೈಕಿನ ಹತ್ತಿರ ಫೋನ್ ಹಿಡೀತೀನಿ. ಹಾಡು."

ಗುಜುಗುಜು ನಿಂತಿತು. ಪೂರ್ತಿ ನಿಂತಿತು. ಅಷ್ಟು ಜನ ಕೇಳುವುದಕ್ಕೆಂದೇ ಸುಮ್ಮನೆ ಕೂತದ್ದು ನನಗೆ ಇಲ್ಲಿ ಕೇಳಿಸಿತು.

ಬಾಯಿ ತೆರೆದೆ. ಹಾಲಿನಲ್ಲಿ ಯಾರೋ ಕೆಮ್ಮಿದರು. ಮುಚ್ಚಿದೆ. ನಡುವೆ ಪರದೆ ಬಿಟ್ಟರೆ ಬಾಗಿಲೂ ಇಲ್ಲ. ಈ ಮನೆಗೆ ಬಂದು ಹದಿನಾಲ್ಕು ವರ್ಷ, ಗಂಡಸರು ಕೂತಿರುವಾಗ ಲೋಟದ ಸದ್ದೂ ಮಾಡಿಲ್ಲ. "ಹಲೋ, ಹಲೋ ಬೇಟಿ" — ಲೈನ್ ಕಟ್ಟಾಯಿತೋ, ನಾನೇ ಕಟ್ ಮಾಡಿದೆನೋ.

ಫೋನ್ ಕೆಳಗಿಟ್ಟು ಇಷ್ಟನ್ನು ಬರೆದೆ.

ಮತ್ತೆ ರಿಂಗ್. ಫಹೀಮ್ ಪರದೆ ಸರಿಸಿ ಇಣುಕಿದರು. "ಯಾರದು? ಎತ್ತಬಾರದಾ?" ಅವರ ಹಿಂದೆ ನಾಲ್ಕು ಟೋಪಿಗಳು ಈ ಕಡೆ ತಿರುಗಿವೆ. ಪರದೆ ಹಾಗೇ ತೆರೆದಿಟ್ಟು ಹೋದರು.

ನಿಂತಿತು.

ಮೂರನೇ ಸಲ. ಅಮ್ಮೀ ಬಿಡುವವರಲ್ಲ. ಎದ್ದೆ, ಪರದೆ ಎಳೆಯಲು. ಎಳೆಯಲಿಲ್ಲ. ಕೇಳಿದರೆ ಕೇಳಲಿ. ಎತ್ತುತ್ತಿದ್ದೇನೆ, ಎಡಗೈಯಲ್ಲಿ. ಅಮ್ಮೀ, ಹಿಡ್ಕೊಳ್ಳಿ, ಮೈಕ್ ಹತ್ತಿರ