ಅಕ್ಕನ ಮಗಳ ಅರ್ಜಿಗೆ ನನ್ನ ಸಹಿ

ಜನವರಿ ೯, ಗುರುವಾರ

ನನ್ನನ್ನು ಕಂಡರೆ ಲೋಕದ ಬ್ಯಾಂಕುಗಳೆಲ್ಲ ಎದ್ದು ನಿಂತು ಕೈಮುಗಿಯುತ್ತವೆ. ಹಾಗೆಂದು ಕೊಚ್ಚಿಕೊಂಡೇ ಅಕ್ಕನ ಮಗಳ ವಿದೇಶದ ಎಂ.ಎಸ್. ಅರ್ಜಿಯಲ್ಲಿ, ಖರ್ಚು ಹೊರುವವನ ಜಾಗದಲ್ಲಿ, ಮಂತ್ರಿಯ ಹಾಗೆ ಸಹಿ ಜಡಿದಿದ್ದೆ.

ಇವತ್ತು ಊಟಕ್ಕೆ ಕೂತಾಗ ಕೇಳಿದಳು: "ಮಾಮ, ನಾಡಿದ್ದು ಕೊನೇ ದಿನ. ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟ್ ಹಾಕ್ಬೇಕು."

"ಅದರಲ್ಲಿರೋ ದುಡ್ಡು ನೋಡಿದ್ರೆ ಅಲ್ಲಿಯವರಿಗೆ ತಲೆ ತಿರುಗತ್ತೆ ಕಣೇ."

"ತಿರುಗ್ಲಿ ಬಿಡಿ. ಮೊದ್ಲು ಸೀಟು ಕೊಟ್ಟು ಆಮೇಲೆ ಬೀಳ್ಲಿ," ಎಂದು ನಕ್ಕಳು.

ಆ ನಗು ಕಣ್ಣ ಮುಂದಿಂದ ಹೋಗುತ್ತಿಲ್ಲ. ಹಳ್ಳಿ ಶಾಲೆಯ ನಕಾಶೆಯ ಮೇಲೆ ನಾನು ಬೆರಳಲ್ಲಿ ಎಷ್ಟು ಸಲ ದಾಟಿದ ಸಮುದ್ರ ಅದು! ಅವಳು ನಿಜವಾಗಿ ದಾಟಬೇಕು. ಅಲ್ಲಿಯ ಚಳಿಗೆ ಮೂಗು ಕೆಂಪಾಗಿಸಿಕೊಂಡು ಫೋನಿನಲ್ಲಿ ನನ್ನನ್ನು ಬೈಯಬೇಕು. ಇಷ್ಟೇ ನನ್ನ ಆಸೆ.

ಗೆಳೆಯನ ಹಳೇ ಬಸ್ಸಿಗೆ ಪಾಲು ಹಾಕಿ ಸ್ವಲ್ಪ ಕಳೆದುಕೊಂಡೆ ಎಂದು ಅಕ್ಕನಿಗೆ ಹೇಳಿದ್ದೇನೆ. ಬಸ್ಸು ಓಡಿದ್ದು ಹತ್ತೊಂಬತ್ತು ದಿನ. ಬೆಳಗಾದರೆ ಹುಡುಗಿಗೆ ನಿಜ ಹೇಳಲೇಬೇಕು; ಬೇರೆ ಯಾರನ್ನಾದರೂ ಹಿಡಿಯಲು ಅವಳಿಗೆ ಒಂದು ದಿನವಾದರೂ ಸಿಗಲಿ. ಇಲ್ಲಿ ಬರೆದು ರೂಢಿ ಮಾಡಿಕೊಳ್ಳುತ್ತೇನೆ. ಸ್ವಲ್ಪವಲ್ಲ, ಇದ್ದದ್ದೆಲ್ಲ. ಹದಿನಾಲ್ಕು ಲಕ್ಷದ ಅರವತ್ತು ಸಾವಿರ.